ವಾಹನ ಪರಿಮಾಣವೂ ಕಪ್ಪು ಗಾಜೂ

ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ, ಗೃಹಸ್ಥನು ಯಾವ ಯಾವ ವಿಷಯಗಳಲ್ಲಿ ಕಾಲಮಿತಿಯ ನಿಯಮವನ್ನು ಕೈಕೊಳ್ಳಬಹುದೆಂಬುದನ್ನು ಒಂದೊಂದಾಗಿ ಎಣಿಸಿದ್ದಾರೆ. ಅದರಲ್ಲಿ ಮೊದಲನೆಯದು ಭೋಜನ, ಎರಡನೆಯದು ವಾಹನ. ಶಯನ, ಸ್ನಾನ, ಅಂಗರಾಗ, ಪುಷ್ಪ, ತಾಂಬೂಲ, ವಸ್ತ್ರ, ಆಭರಣ, ಸಂಗೀತಗಳು ಆ ಬಳಿಕ ಬರುತ್ತವೆ. ಶ್ರಾವಕ ಬಂಧುಗಳು ಈ ಕ್ರಮವನ್ನು ಕುರಿತು ಸ್ವಲ್ಪ ಆಲೋಚಿಸಬೇಕು.

ಭೋಜನದ ನಿಯಮ ಜೈನರ ಮನೆಯಲ್ಲಿ ಮಕ್ಕಳಿಗೂ ತಿಳಿದದ್ದೇ. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ, ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಅಥವಾ ಉಪವಾಸ, ದಶಲಕ್ಷಣ ಪರ್ವದಲ್ಲಿ ಶಕ್ತಿಯಿದ್ದವರಿಗೆ ಹತ್ತು ದಿನಗಳ ಅನಶನ, ಇವನ್ನೆಲ್ಲ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವಾಹನದ ನಿಯಮವನ್ನು ಮಾತ್ರ ಕೇಳುವವರೂ ಇಲ್ಲ, ಹೇಳುವವರೂ ವಿರಳ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಎರಡು ತಲೆಮಾರುಗಳ ಹಿಂದೆ ಒಕ್ಕಲುತನದ ಮನೆಯಲ್ಲಿ ಇದ್ದದ್ದು ಒಂದು ಚಕ್ಕಡಿ, ವ್ಯಾಪಾರದ ಮನೆಯಲ್ಲಿ ಒಂದು ಸೈಕಲ್ಲು. ಅಂದು ವಾಹನದ ಪರಿಮಾಣವನ್ನು ವ್ರತವು ಕಾಯುತ್ತಿರಲಿಲ್ಲ, ಬಡತನವು ಕಾಯುತ್ತಿತ್ತು. ಬಡತನ ಸರಿದ ಮೇಲೆ ಆ ಕೆಲಸವನ್ನು ವ್ರತವೇ ಮಾಡಬೇಕಾಗಿ ಬಂದಿದೆ.

ಒಮ್ಮೆ ಅನುಭವಿಸಿದೊಡನೆ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ ಎಂಬ ವಿಭಾಗವನ್ನು ಆಚಾರ್ಯರು ಮಾಡಿದ್ದಾರೆ. ಉಂಡ ಅನ್ನದ ಮೇಲಣ ರಾಗ ಎಲೆ ಎತ್ತುವುದರೊಳಗೆ ಅರ್ಧ ಇಳಿದಿರುತ್ತದೆ. ವಾಹನವಾದರೋ ಮನೆಯ ಮುಂದೆ ನಿಂತು ಬೆಳಗಾದೊಡನೆ ಕಣ್ಣಿಗೆ ಬೀಳುತ್ತದೆ, ಒರೆಸಿಸಿಕೊಳ್ಳುತ್ತದೆ, ನೆರೆಯವರ ಬಾಯಿಂದ ಹೊಗಳಿಸಿಕೊಳ್ಳುತ್ತದೆ. ದಿಗಂಬರ ಆಚಾರ ಗ್ರಂಥಗಳು ಎಣಿಸುವ ಹತ್ತು ವಿಧದ ಬಾಹ್ಯ ಪರಿಗ್ರಹಗಳಲ್ಲಿ ಯಾನಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಹೊಲ, ಮನೆ, ಧನ, ಧಾನ್ಯಗಳೊಡನೆ ಅದನ್ನು ಸೇರಿಸಿ ಮರೆತುಬಿಡಲಿಲ್ಲವೆಂಬುದು ಗಮನಾರ್ಹ.

ಈಗ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳೋಣ. ಬೆಳಗಾವಿಯ ವ್ಯಾಪಾರಿ, ನಿತ್ಯ ದೇವದರ್ಶನ ತಪ್ಪದವನು, ಪರ್ವದಿನಗಳಲ್ಲಿ ಉಪವಾಸ ಮಾಡುವವನು. ಮುನಿಗಳ ಚಾತುರ್ಮಾಸದಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ, ವಾಹನ ಒಂದು, ಅದರ ಬೆಲೆ 20 ಲಕ್ಷ ರೂಪಾಯಿಗಳಿಗೆ ಮೀರದಂತೆ ಎಂದು ಬರೆದಿಟ್ಟಿದ್ದಾನೆ. ಕೆಲವು ವರ್ಷಗಳಾದ ಮೇಲೆ ಆತನ ಮುಂದೆ ಒಂದು ಹಳೆಯ ಮರ್ಸಿಡಿಸ್ ಇ-ಕ್ಲಾಸ್ ಕಾರು ಬಂದು ನಿಲ್ಲುತ್ತದೆ. ಈ ಕಾರಿನ ಉದ್ದನೆಯ ಮಾದರಿಯು ಭಾರತಕ್ಕೆ ಬಂದದ್ದು 2017ರಲ್ಲಿ. ಹಿಂದಿನ ಆಸನದವರು ಕಾಲು ಚಾಚಿ ಕೂರಲೆಂದೇ ಅದರ ಉದ್ದವನ್ನು ಹೆಚ್ಚಿಸಲಾಗಿತ್ತು. ಮೊದಲ ಒಡೆಯನು 60 ಲಕ್ಷಕ್ಕೂ ಮೇಲೆ ಕೊಟ್ಟು ಕೊಂಡದ್ದು, ವರ್ಷಗಳು ಕಳೆದು, ಈಗ 18 ಲಕ್ಷಕ್ಕೆ ಸಿಗುತ್ತದೆ. ಗೃಹಸ್ಥನು ಲೆಕ್ಕ ಹಾಕುತ್ತಾನೆ. ಇದ್ದ ಸಣ್ಣ ಕಾರನ್ನು ಮಾರಿದರೆ ವಾಹನ ಒಂದೇ ಉಳಿಯುತ್ತದೆ. ಬೆಲೆ 20 ಲಕ್ಷದ ಒಳಗೇ ಇದೆ. ವ್ರತಕ್ಕೆ ಕೊರತೆಯಿಲ್ಲ. ಕೊಂಡು ತರುತ್ತಾನೆ. ಮರುವಾರ ಕಾರು ಅಲಂಕಾರದ ಅಂಗಡಿಗೆ ಒಯ್ದು ನಾಲ್ಕೂ ಬದಿಯ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸಿಕೊಂಡು ಬರುತ್ತಾನೆ.

ಇಲ್ಲಿ ಎರಡು ಕ್ರಿಯೆಗಳಿವೆ. ಎರಡನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ.

ಹಳೆಯ ಕಾರನ್ನು ಕೊಂಡದ್ದರಿಂದ ವ್ರತಭಂಗವಾಯಿತೆಂದು ಹೇಳಲಾಗದು. ಸಂಖ್ಯೆಯೂ ಮೀರಿಲ್ಲ, ಬೆಲೆಯೂ ಮೀರಿಲ್ಲ. ವ್ರತವನ್ನು ಯಾವ ಮಾತಿನಲ್ಲಿ ಸ್ವೀಕರಿಸಿದನೋ ಆ ಮಾತು ಉಳಿದಿದೆ. ಅಷ್ಟೇ ಅಲ್ಲ, ಒಬ್ಬರು ಬಳಸಿದ್ದನ್ನು ಮತ್ತೊಬ್ಬರು ಬಳಸುವುದರಿಂದ ಹೊಸದೊಂದು ಕಾರನ್ನು ನಿರ್ಮಿಸುವ ಆರಂಭಕ್ಕೆ, ಅಂದರೆ ಗಣಿಯಿಂದ ಕುಲುಮೆಯವರೆಗಿನ ಹಿಂಸೆಗೆ, ಆತನ ಪಾಲು ಅಷ್ಟರಮಟ್ಟಿಗೆ ಕಡಮೆಯೇ ಆಯಿತು. ಹಳೆಯದನ್ನು ಕೊಂಡವನನ್ನು ಕಂಡು ಮೂಗು ಮುರಿಯುವವರು ಈ ಮಾತನ್ನು ಮರೆಯಬಾರದು.

ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಬೆಲೆಯನ್ನು ಹಿಡಿಯಲಿಲ್ಲ. ವಸ್ತುವಿನಲ್ಲಿ ಮನಸ್ಸು ಮೈಮರೆಯುವ ಮೂರ್ಛೆಯನ್ನು ಹಿಡಿದರು. ಕಾರಿನ ಬೆಲೆ ವರ್ಷಕ್ಕೊಮ್ಮೆ ಇಳಿಯುತ್ತದೆ. ಮೂರ್ಛೆಗೆ ಅಂಥ ಇಳಿಕೆಯಿಲ್ಲ. 60 ಲಕ್ಷದ ಕಾರು 18 ಲಕ್ಷಕ್ಕೆ ಸಿಕ್ಕಿತೆಂಬ ಹಿಗ್ಗಿನಲ್ಲಿ 60 ಲಕ್ಷದ್ದೇ ಎಣಿಕೆ ಇರುತ್ತದೆಯಲ್ಲದೆ 18 ಲಕ್ಷದ್ದಲ್ಲ. ಸಮಂತಭದ್ರರು ಈ ವ್ರತದ ಐದು ಅತಿಚಾರಗಳನ್ನು ಹೇಳುವಲ್ಲಿ ಮೊದಲನೆಯದನ್ನು ಅತಿವಾಹನವೆಂದಿದ್ದಾರೆ. ಲೋಭದಿಂದ ಎತ್ತು ಮೊದಲಾದುವನ್ನು ಅವು ತಾಳಲಾರದಷ್ಟು ದೂರ ನಡೆಸುವುದೆಂದು ಟೀಕಾಕಾರರಾದ ಪ್ರಭಾಚಂದ್ರರ ವಿವರಣೆ. ಅಗತ್ಯಕ್ಕೆ ಮೀರಿದ ವಾಹನಗಳನ್ನು ಇಟ್ಟುಕೊಳ್ಳುವುದೆಂದು ಈಚಿನವರ ವಿವರಣೆ. ಅದೇ ಪಟ್ಟಿಯಲ್ಲಿ ವಿಸ್ಮಯವೆಂಬ ಇನ್ನೊಂದು ಅತಿಚಾರವಿದೆ: ಪರರ ಸಂಪತ್ತನ್ನೋ ಲಾಭವನ್ನೋ ಕಂಡು ಮನಸ್ಸು ಕಲಕುವುದು. ಹಳೆಯ ಐಷಾರಾಮಿ ಕಾರಿನ ವ್ಯಾಪಾರ ನಡೆಯುವುದೇ ಬಹುಮಟ್ಟಿಗೆ ಈ ವಿಸ್ಮಯದ ಬಲದಿಂದ. ನೆರೆಯವನ ಹೊಸ ಕಾರನ್ನು ಕಂಡು ಕಲಕಿದ ಮನಸ್ಸಿಗೆ ಅದೇ ಮುಖದ, ಅದೇ ಚಿಹ್ನೆಯ ಹಳೆಯ ಕಾರು ಸಮಾಧಾನ ಕೊಡುತ್ತದೆ. ಆ ಸಮಾಧಾನ ಎಷ್ಟು ದಿನದ್ದು? ಮೊದಲ ಸಲ ಅದರ ಟೈರುಗಳನ್ನು ಬದಲಿಸುವ ದಿನ ಗೊತ್ತಾಗುತ್ತದೆ. ಕಾರಿನ ಬೆಲೆ ಇಳಿದಿರುತ್ತದೆಯೇ ಹೊರತು ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ವ್ರತದ ಪುಸ್ತಕದಲ್ಲಿ ಕೊಂಡ ಬೆಲೆಯನ್ನು ಬರೆದು ಸಾಕುವ ವೆಚ್ಚವನ್ನು ಬಿಟ್ಟವನು ಅರ್ಧ ಲೆಕ್ಕವನ್ನಷ್ಟೇ ಬರೆದಂತಾಯಿತು.

ಕೊಳ್ಳುವ ವಿಧಾನದಲ್ಲಿಯೂ ಕೆಲವು ಸೂಕ್ಷ್ಮಗಳುಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರಗಳೆಂಬ ಎರಡನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ತಕ್ಕಡಿ, ಕೊಳಗಗಳಿಗಷ್ಟೇ ಇದು ಅನ್ವಯಿಸುತ್ತದೆಂದು ತಿಳಿಯುವುದು ಬೇಡ. ಓಡಿದ ಕಿಲೋಮೀಟರುಗಳನ್ನು ತೋರಿಸುವ ಮೀಟರೂ ಒಂದು ಮಾನವೇ; ಅದನ್ನು ಹಿಂದಕ್ಕೆ ತಿರುಗಿಸಿ ಮಾರುವುದು ಕಳ್ಳ ತೂಕವೇ. ಮಾರುವ ಶ್ರಾವಕನು ತಾನು ತಿರುಗಿಸದಿದ್ದರೂ ದಲ್ಲಾಳಿಯು ತಿರುಗಿಸುವನೆಂದು ಬಲ್ಲವನಾಗಿ ಸುಮ್ಮನಿದ್ದರೆ ಅನುಮೋದನೆಯ ದೋಷ ತಪ್ಪದು. ಕ್ರಯದ ಕಾಗದದಲ್ಲಿ ಬೆಲೆಯನ್ನು ಇಳಿಸಿ ಬರೆಯುವುದು ಸತ್ಯಾಣುವ್ರತಕ್ಕೆ ಹೇಳಿದ ಕೂಟಲೇಖಕ್ರಿಯೆಯೇ ಸರಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಹಸ್ತಾಂತರವನ್ನು ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ತಿಂಗಳುಗಟ್ಟಲೆ ಹಳೆಯ ಒಡೆಯನ ಹೆಸರಿನಲ್ಲಿಯೇ ಕಾರನ್ನು ಓಡಿಸುವವರಿದ್ದಾರೆ. ಅಪಘಾತವಾದ ದಿನ ಹೊಣೆ ಯಾರದೆಂಬ ಜಗಳ ಎದ್ದಾಗ ಇಬ್ಬರ ವ್ರತವೂ ನೀರುಪಾಲಾಗುತ್ತದೆ. ಇನ್ನು ಪುದುಚೇರಿಯಲ್ಲಿ ತೆರಿಗೆ ಕಡಮೆಯೆಂದು ಅಲ್ಲಿಯ ಹೆಸರಿನಲ್ಲಿ ನೋಂದಾಯಿಸಿ, ಕರ್ನಾಟಕದ ರಸ್ತೆಗಳಲ್ಲಿಯೇ ವರ್ಷಾನುಗಟ್ಟಲೆ ಓಡಿಸಿದ ಬೆಲೆಬಾಳುವ ಕಾರುಗಳ ಸಂಗತಿ. ಬೇರೆ ರಾಜ್ಯದ ವಾಹನವು 12 ತಿಂಗಳು ಮೀರಿ ಇಲ್ಲಿ ನಿಂತರೆ ಇಲ್ಲಿಯ ನೋಂದಣಿ ಪಡೆಯತಕ್ಕದ್ದೆಂದು ಅದೇ ಕಾಯ್ದೆ ವಿಧಿಸುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಅಂಥ ಕಾರನ್ನು ಕೊಂಡು ಹಾಗೆಯೇ ಓಡಿಸುವವನು ಉಳಿಸಿದ್ದು ತನ್ನ ಹಣವನ್ನಲ್ಲ, ರಾಜ್ಯದ ಹಣವನ್ನು.

ಈಗ ಕಪ್ಪು ಗಾಜಿನ ವಿಚಾರ. ಇದನ್ನು ಸಣ್ಣದೆಂದು ತಳ್ಳಿಹಾಕುವವರೇ ಹೆಚ್ಚು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮವು ಗಾಜಿಗೆ ಸಂಬಂಧಿಸಿದ್ದು. ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಕಣ್ಣಿಗೆ ಕಾಣುವ ಬೆಳಕಿನ ನೂರು ಪಾಲಿನಲ್ಲಿ ಕನಿಷ್ಠ 70 ಪಾಲು, ಬದಿಯ ಗಾಜುಗಳ ಮೂಲಕ ಕನಿಷ್ಠ 50 ಪಾಲು ಹಾಯ್ದುಹೋಗಬೇಕೆಂಬುದು ಅದರ ಸಾರ. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿದು, ಗಾಜಿನ ಮೇಲೆ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆ ವರ್ಷದ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಒಬ್ಬ ತರುಣಿಯ ಮೇಲೆ ಅತ್ಯಾಚಾರ ನಡೆದ ಬಸ್ಸಿನ ಕಿಟಕಿಗಳಿಗೆ ಕಪ್ಪು ಗಾಜೂ ಪರದೆಯೂ ಇದ್ದುವೆಂಬುದನ್ನು ನೆನೆದರೆ, ನಿಯಮ ಏಕೆ ಬೇಕಾಯಿತೆಂದು ಯಾರೂ ಕೇಳಲಾರರು. 2021ರಿಂದ ಜಾರಿಗೆ ಬಂದ ತಿದ್ದುಪಡಿಯನ್ನು ಆಧರಿಸಿ, ನಿಯತ ಪಾರದರ್ಶಕತೆಯನ್ನು ಕೆಡಿಸದ ಹೊದಿಕೆಗೆ ಅಡ್ಡಿಯಿಲ್ಲವೆಂದು ಕೇರಳದ ಉಚ್ಚ ನ್ಯಾಯಾಲಯವು 2024ರಲ್ಲಿ ಹೇಳಿದ್ದುಂಟು. ಆದರೆ 70 ಮತ್ತು 50ರ ಮಿತಿಯನ್ನು ಆ ತೀರ್ಪೂ ಸಡಿಲಿಸಲಿಲ್ಲ. ಒಳಗೆ ಕುಳಿತವರ ಮುಖ ಹೊರಗೆ ಕಾಣದಂತೆ ಅಂಟಿಸುವ ಕಪ್ಪಿಗೆ ಯಾವ ಲೆಕ್ಕದಲ್ಲಿಯೂ ಅವಕಾಶವಿಲ್ಲ.

ರಾಜ್ಯದ ನಿಯಮವನ್ನು ಮೀರುವುದು ಸಂಚಾರಿ ಪೊಲೀಸರಿಗೂ ಓಡಿಸುವವನಿಗೂ ಸಂಬಂಧಿಸಿದ್ದು, ಧರ್ಮಕ್ಕೇನು ಎಂದು ಕೇಳುವವರಿದ್ದಾರೆ. ಉಮಾಸ್ವಾಮಿಗಳು ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಸೇರಿಸಿದ್ದಾರೆ. ಸಮಂತಭದ್ರರು ಅದನ್ನೇ ವಿಲೋಪವೆಂದು ಕರೆದಿದ್ದಾರೆ. ದಂಡ ಕಟ್ಟಿದರೆ ಮುಗಿಯಿತೆಂಬ ಮಾತು ವ್ಯಾಪಾರದ ಮಾತು. ದಂಡದ ರಸೀದಿಯಿಂದ ಅತಿಚಾರ ಕಳೆಯುವುದಿಲ್ಲ. ಉಪವಾಸದ ದಿನ ಒಂದು ಹನಿ ನೀರು ಬಾಯಿಗೆ ಬಿದ್ದರೆ ತಲ್ಲಣಿಸುವ ಶ್ರಾವಕನು, ಅದೇ ದಿನ ಪ್ರತಿಯೊಂದು ಗಳಿಗೆಯೂ ಅಚೌರ್ಯದ ಅತಿಚಾರದೊಳಗೇ ಕುಳಿತು ಬಸದಿಗೆ ಬರುತ್ತಿರುವುದನ್ನು ಗಮನಿಸುವುದಿಲ್ಲ.

ಬಿಸಿಲಿನ ಕಾರಣವನ್ನು ಮುಂದೆ ಮಾಡುವವರ ಮಾತಿನಲ್ಲಿ ತಥ್ಯವಿಲ್ಲವೆಂದಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರುಗಳ ಬಿಸಿಲನ್ನು ಬಲ್ಲವರು ಅದನ್ನು ನಗೆಯಾಡರು. ಆದರೆ ತಯಾರಕರೇ ಮಿತಿಯೊಳಗೆ ಬಣ್ಣ ಕಟ್ಟಿದ ಗಾಜನ್ನು ಕೂರಿಸಿರುತ್ತಾರೆ, ಒಳಗೆ ತಂಪು ಯಂತ್ರವಿದೆ, ಮರದ ನೆರಳಿದೆ. ಹೆಣ್ಣುಮಕ್ಕಳ ಮರ್ಯಾದೆಗಾಗಿ ಎಂಬ ಇನ್ನೊಂದು ಮಾತೂ ಕೇಳಬರುತ್ತದೆ. ಬಸದಿಯಲ್ಲಿ, ಅಂಗಡಿ ಬೀದಿಯಲ್ಲಿ, ಮದುವೆಯ ಚಪ್ಪರದಲ್ಲಿ ತಲೆಯೆತ್ತಿ ನಡೆಯುವ ಹೆಣ್ಣುಮಕ್ಕಳಿಗೆ ಕಾರಿನೊಳಗೆ ಮಾತ್ರ ಮರೆ ಬೇಕಾಯಿತೇ ಎಂದು ಅವರನ್ನೇ ಕೇಳಿದರೆ ಉತ್ತರ ದೊರೆತೀತು. ನಿಜವಾದ ಕಾರಣ ಬೇರೆ. ಕಾರು ಎಲ್ಲರಿಗೂ ಕಾಣಬೇಕು, ಕಾರಿನವನು ಯಾರಿಗೂ ಕಾಣಬಾರದು. ಮಾನಕಷಾಯವು ಮಾಯಾಕಷಾಯವನ್ನು ಜೊತೆಗೆ ಕರೆದುಕೊಂಡು ಹೊರಟ ರೀತಿಯಿದು.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಎಂಟು ಕರ್ಮಗಳಿಗೆ ಎಂಟು ದೃಷ್ಟಾಂತಗಳನ್ನು ಕೊಡುವಾಗ ಜ್ಞಾನಾವರಣಕ್ಕೆ ಹೊದಿಸಿದ ಬಟ್ಟೆಯನ್ನು ಹೋಲಿಸಿದ್ದಾರೆ. ಬಟ್ಟೆ ಹೊದಿಸಿದಾಗ ಒಳಗಿನದು ಹೊರಗೆ ತೋರದು. ಫಿಲ್ಮ್ ಅಂಟಿಸಿಕೊಂಡವನ ಸ್ಥಿತಿ ಸಂಜೆಯಾದ ಮೇಲೆ ಇನ್ನೂ ಶೋಚನೀಯ. ಹೊರಗಿನದೂ ಒಳಗೆ ತೋರದು. ಬಸದಿಯಿಂದ ಹಿಂದಿರುಗುವ ಹೊತ್ತಿನಲ್ಲಿ ಹಿಂದಿನ ಆಸನದಲ್ಲಿ ಕುಳಿತ ಮುದುಕಿ, "ತಮ್ಮಾ, ಯಾವ ಊರು ಬಂತೋ? ಹೊರಗ ಏನೂ ಕಾಣವಲ್ದು" ಎಂದರೆ, ಅದನ್ನು ಆಕೆಯ ಕಣ್ಣಿನ ಪೊರೆಗೆ ಹಚ್ಚಿ ಸುಮ್ಮನಾಗುವ ಮಗನು ತನ್ನ ಕಣ್ಣಿಗೂ ಬದಿಯ ರಸ್ತೆ ಸರಿಯಾಗಿ ಕಾಣುತ್ತಿಲ್ಲವೆಂಬುದನ್ನು ಒಪ್ಪಿಕೊಳ್ಳುವುದಿಲ್ಲ.

ಈ ಕಾಣದಿರುವಿಕೆಯೇ ಎಲ್ಲಕ್ಕಿಂತ ಭಾರವಾದದ್ದು. ಬೆಳಗಾವಿಯ ಕೋಟೆಯೊಳಗೆ, ರಟ್ಟರ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿಯಲ್ಲಿ ನೇಮಿನಾಥ ತೀರ್ಥಂಕರರು ವಿರಾಜಮಾನರಾಗಿದ್ದಾರೆ. ಅವರ ವೈರಾಗ್ಯದ ಕಥೆಯನ್ನು ಜಿನಸೇನರ ಹರಿವಂಶಪುರಾಣವೂ ಕರ್ಣಪಾರ್ಯನ ಕನ್ನಡ ನೇಮಿನಾಥಪುರಾಣವೂ ಹೇಳುತ್ತವೆ. ಮನೆಯ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ನೇಮಿಕುಮಾರನು ಮದುವಣಿಗನಾಗಿ ರಥವೇರಿ ರಾಜೀಮತಿಯ ಮನೆಯ ಕಡೆಗೆ ಸಾಗುತ್ತಿದ್ದಾನೆ. ವಾದ್ಯಗಳು, ನೆಂಟರು, ರಾಜವೈಭವ. ದಾರಿಯ ಬದಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಗುಂಪು ಆತನ ಕಣ್ಣಿಗೆ ಬೀಳುತ್ತದೆ. ಅವುಗಳ ಭೀತಿಯನ್ನು ನೋಡುತ್ತಾನೆ. ಇವನ್ನು ಏಕೆ ಕಟ್ಟಿಹಾಕಿದ್ದಾರೆಂದು ಸಾರಥಿಯನ್ನು ಕೇಳುತ್ತಾನೆ. ಮದುವೆಯ ಔತಣಕ್ಕೆ ಬಂದವರಿಗಾಗಿ ಎಂಬ ಉತ್ತರ ಬರುತ್ತದೆ. ರಥವು ಅಲ್ಲಿಂದ ಹಿಂದಿರುಗಿತು, ಊರ್ಜಯಂತಗಿರಿಯಲ್ಲಿ ದೀಕ್ಷೆಯಾಯಿತು.

ಆ ರಥವೂ ಐಷಾರಾಮದ ವಾಹನವೇ. ರಾಜಕುಮಾರನ ಮದುವೆಯ ರಥಕ್ಕಿಂತ ಬೆಲೆಬಾಳುವ ವಾಹನ ಆ ಕಾಲದಲ್ಲಿ ಇನ್ನಾವುದಿದ್ದೀತು? ಆದರೆ ಅದರಲ್ಲಿ ಕುಳಿತವನಿಗೆ ಹೊರಗಿನದು ಕಾಣುತ್ತಿತ್ತು, ಕೇಳುತ್ತಿತ್ತು. ಅಂದು ರಥದ ಸುತ್ತ ದಟ್ಟ ಪರದೆ ಬಿಗಿದಿದ್ದರೆ ಮೆರವಣಿಗೆ ನಿಲ್ಲದೆ ಮುಂದೆ ಸಾಗುತ್ತಿತ್ತು. ಇಪ್ಪತ್ತೆರಡನೆಯ ತೀರ್ಥಂಕರರ ವೈರಾಗ್ಯಕ್ಕೆ ನಿಮಿತ್ತವಾದದ್ದು ವಾಹನದಿಂದ ಕಂಡ ಒಂದು ನೋಟ.

ಇಂದು ದಾರಿಯ ಬದಿಯಲ್ಲಿ ಇರುವವರು ಯಾರು? ಪುಣೆಯಿಂದ ಬೆಂಗಳೂರಿಗೆ ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯು ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಹಾದು ಬರುತ್ತದೆ. ಕುರಿ ಹಿಂಡಿನ ಹಿಂದೆ ಹೆಗಲ ಮೇಲೆ ಮರಿ ಹೊತ್ತ ಕುರುಬ, ಕಬ್ಬಿನ ಗಾಡಿ ಎಳೆಯುವ ಎತ್ತು, ಡಾಂಬರಿನ ಬೆಚ್ಚಗಿಗೆ ಬಂದು ಮಲಗಿದ ನಾಯಿ, ಶಾಲೆಗೆ ನಡೆದು ಹೋಗುವ ಮಕ್ಕಳು. ವಿಹಾರದ ಕಾಲದಲ್ಲಿ, ಸೂರ್ಯೋದಯವಾದ ಬಳಿಕ, ಇನ್ನೂ ಮಂಜು ಹರಿಯದ ಹೊತ್ತಿನಲ್ಲಿ, ಪಿಂಛಿ ಕಮಂಡಲು ಹಿಡಿದು ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಮುನಿಗಳು, ಆರ್ಯಿಕೆಯರು. ವಾಹನವನ್ನೇ ತ್ಯಜಿಸಿದ ಅವರ ಈರ್ಯಾಸಮಿತಿಯು ಕಾಲಿನ ಕೆಳಗಿನ ಇರುವೆಯನ್ನು ಕಾಯುತ್ತದೆ. ಹಿಂದಿನಿಂದ ಬರುವ ವಾಹನದಿಂದ ಅವರನ್ನು ಕಾಯಬೇಕಾದದ್ದು ಚಾಲಕನ ಕಣ್ಣು. ವಿಹಾರದಲ್ಲಿದ್ದ ಸಾಧು ಸಾಧ್ವಿಯರು ವಾಹನದ ಹೊಡೆತಕ್ಕೆ ಸಿಕ್ಕಿ ಸಮಾಧಿ ಹೊಂದಿದ ವಾರ್ತೆಗಳನ್ನು ಸಮಾಜವು ಕೇಳಿದೆ. ತಿರುವಿನಲ್ಲಿ ಬದಿಯ ಗಾಜಿನಿಂದಲೇ ನೋಡಬೇಕಾದ ಕ್ಷಣದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಾನೇ ತಡೆದುಕೊಂಡವನು, ಆಕಸ್ಮಿಕವಾಯಿತೆಂದು ಹೇಳಲಾರನು. ಪ್ರಮಾದದಿಂದ ಪ್ರಾಣವನ್ನು ಹರಿಸುವುದು ಹಿಂಸೆಯೆಂದು ಸೂತ್ರಕಾರರು ಹೇಳಿರುವಾಗ, ಕಪ್ಪು ಫಿಲ್ಮ್ ಎಂಬುದು ಹಣ ಕೊಟ್ಟು ಅಂಟಿಸಿಕೊಂಡ ಪ್ರಮಾದ.

ಪರಿಗ್ರಹ ಪಾಪಕ್ಕೆ ಸಮಂತಭದ್ರರು ನಿರ್ದೇಶಿಸುವ ಶ್ಮಶ್ರುನವನೀತನ ಕಥೆ ಎಲ್ಲರೂ ಬಲ್ಲದ್ದು. ಅಯೋಧ್ಯೆಯ ಲುಬ್ಧದತ್ತನು ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನ ದಿನವೂ ತೆಗೆದು ಕೂಡಿಹಾಕಿ, ಅದನ್ನು ಮಾರಿ ವ್ಯಾಪಾರಿಯಾಗಿ, ರಾಜನಾಗಿ, ಚಕ್ರವರ್ತಿಯಾಗುವ ಮನೋರಾಜ್ಯದಲ್ಲಿ ಕಾಲು ಝಾಡಿಸಿ, ತುಪ್ಪದ ಗಡಿಗೆಯನ್ನು ಬೆಂಕಿಗೆ ಕೆಡವಿಕೊಂಡು ತಾನೂ ಬೆಂದನು. ಆತನ ಗುಡಿಸಲಿನಲ್ಲಿ ಇದ್ದದ್ದು ಒಂದು ಗಡಿಗೆ ಮಾತ್ರ. ಬೆಲೆಯ ಲೆಕ್ಕದಲ್ಲಿ ನೋಡಿದರೆ ಆತನ ಪರಿಮಾಣ ಯಾವ ಅಣುವ್ರತಿಗಿಂತಲೂ ಕಡಮೆ.

ಹಾಗಾದರೆ ಆ ಬೆಳಗಾವಿಯ ಗೃಹಸ್ಥನು ಮಾಡಬೇಕಾದದ್ದೇನು? ಕಾರನ್ನು ಮಾರಬೇಕೆಂದು ಆಗ್ರಹಿಸುವುದು ಸರಿಯಲ್ಲ. ಅದು ಮತ್ತೊಂದು ವಿಸ್ಮಯಕ್ಕೆ ದಾರಿ. ಫಿಲ್ಮನ್ನು ಅಂದೇ ಕೀಳಿಸಬೇಕು. ಬಿಸಿಗಾಳಿ ಹಾಯಿಸಿದರೆ ಅಂಚು ಬಿಡುತ್ತದೆ. ಉಳಿದ ಅಂಟನ್ನು ಸಾಬೂನಿನ ನೀರಿನಿಂದ ತಿಕ್ಕಿ ತೆಗೆಯಬಹುದು. ಕೆಲಸ ಅರ್ಧ ದಿನದ್ದು. ಪ್ರತಿಕ್ರಮಣದಲ್ಲಿ ಅಚೌರ್ಯದ ಅತಿಚಾರವನ್ನು ಹೆಸರಿಸಿ ಆಲೋಚನೆ ಮಾಡಿಕೊಳ್ಳಬೇಕು. ಮುನಿಗಳೋ ಭಟ್ಟಾರಕರೋ ಸಮೀಪದಲ್ಲಿದ್ದರೆ ಅವರ ಮುಂದೆ ಹೇಳಿಕೊಂಡು, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಸ್ವೀಕರಿಸಬೇಕು. ಆರ್.ಸಿ. ತನ್ನ ಹೆಸರಿಗೆ ಆಗಿಲ್ಲದಿದ್ದರೆ ಆ ಕೆಲಸ ಮುಗಿಯುವವರೆಗೆ ಕಾರನ್ನು ಹೊರಗೆ ತೆಗೆಯಬಾರದು.

ಆ ಬಳಿಕ ವ್ರತದ ಪುಸ್ತಕವನ್ನು ತಿದ್ದಬೇಕಾಗುತ್ತದೆ. ಸ್ವೀಕರಿಸಿದ ಪರಿಮಾಣವನ್ನು ಸಡಿಲಿಸುವ ಹಾಗಿಲ್ಲ, ಬಿಗಿ ಮಾಡುವುದಕ್ಕೆ ಅಡ್ಡಿಯಿಲ್ಲ. ಜೀವಾವಧಿಯದು ಯಮ, ಕಾಲಮಿತಿಯದು ನಿಯಮ. ವಾಹನಕ್ಕೆ ಎರಡೂ ಒಪ್ಪುತ್ತವೆ. ಇಂದಿನ ದಿನ, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಆಚಾರ್ಯರೇ ಅಳತೆಗಳನ್ನು ಕೊಟ್ಟಿರುವುದರಿಂದ ಯಾರ ಶಕ್ತಿಗೂ ಮೀರಿದ್ದಲ್ಲ. ಉದಾಹರಣೆಗೆ ಹೀಗೆ ಬರೆಯಬಹುದು: "ವಾಹನ ಒಂದು, ಜೀವಾವಧಿ. ಅದರ ಕೊಂಡ ಬೆಲೆಯೊಡನೆ ವರ್ಷದ ದುರಸ್ತಿ, ವಿಮೆ, ಇಂಧನಗಳೂ ಪರಿಮಾಣದೊಳಗೆ ಸೇರಿದುವು. ಗಾಜು ಕಾರ್ಖಾನೆಯಿಂದ ಬಂದಂತೆಯೇ ಇರತಕ್ಕದ್ದು. ಅಷ್ಟಮಿ, ಚತುರ್ದಶಿಗಳಂದು ಬಸದಿಗೆ ಕಾಲ್ನಡಿಗೆ. ವೃದ್ಧರನ್ನು, ರೋಗಿಗಳನ್ನು ಕರೆದೊಯ್ಯುವುದಕ್ಕೆ ವಿನಾಯಿತಿ. ಭಾದ್ರಪದ ಶುಕ್ಲ ತ್ರಯೋದಶಿ, ಉತ್ತಮ ಆಕಿಂಚನ್ಯದ ದಿನ, ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ವಾಹನ ತ್ಯಾಗ. ಅಂದು ಬೀಗದ ಕೈ ಮನೆಯ ಹಿರಿಯರ ಕೈಯಲ್ಲಿ."